ಚಳಿಗಾಲದಲ್ಲಿ ಪ್ಲಗ್-ಇನ್ ಹೈಬ್ರಿಡ್: ಘಟ್ಟಕ್ಕೆ ಯಾವ ಮೋಡ್, ಹೈವೇಗೆ ಯಾವುದು?

ಹೋದ ಜನವರಿಯಲ್ಲಿ ಭಾವನ ಕಾರು ತಗೊಂಡು ಶಿರಸಿಯಿಂದ ಕಾರವಾರಕ್ಕೆ ಹೊರಟಿದ್ದೆ. ಪ್ಲಗ್-ಇನ್ ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಇಂಜಿನ್ ಜೊತೆಗೆ ಮನೆಯಲ್ಲೇ ಚಾರ್ಜ್ ಮಾಡಬಹುದಾದ ಬ್ಯಾಟರಿ, ಮೋಟಾರು ಇರುವ ಕಾರು. ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದರಿಂದ ಬ್ಯಾಟರಿ ನೂರಕ್ಕೆ ನೂರು. ಕಾರವಾರ ಪೇಟೆಯೊಳಗೆ ಬರೀ ಕರೆಂಟಿನಲ್ಲೇ ಓಡಾಡೋಣ ಅಂತ ಮನೆ ಗೇಟು ದಾಟುವಾಗಲೇ ಸೇವ್ ಮೋಡ್ ಒತ್ತಿದೆ, ಅದು ಬ್ಯಾಟರಿಯನ್ನು ಹಾಗೇ ಉಳಿಸಿ ಇಂಜಿನ್‌ನಲ್ಲಿ ಓಡಿಸುವ ಮೋಡ್. ದೇವಿಮನೆ ಘಟ್ಟ ಇಳಿಯಲು ಶುರು ಮಾಡಿದಾಗ ಗೊತ್ತಾಯಿತು, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಕಾರು ಹಿಡಿದುಕೊಳ್ಳುತ್ತಿಲ್ಲ. ಇಳಿಜಾರಿನಲ್ಲಿ ಯಾವಾಗಲೂ ಮೇಲೇರುವ ಚಾರ್ಜಿಂಗ್ ಗೆರೆ ಅವತ್ತು ಅಲುಗಾಡಲೇ ಇಲ್ಲ. ಪ್ರತಿ ತಿರುವಿಗೂ ಬ್ರೇಕ್ ತುಳಿಯುತ್ತಾ ಇಳಿದು ಘಟ್ಟದ ಬುಡದ ಕತಗಾಲದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಮುಂದಿನ ಚಕ್ರಗಳಿಂದ ಬ್ರೇಕ್ ಪ್ಯಾಡ್ ಸುಟ್ಟ ವಾಸನೆ ಬರುತ್ತಿತ್ತು.

ಕಾರಣ ಇಷ್ಟೇ. ಇಳಿಯುವಾಗ ಮೋಟಾರು ಜನರೇಟರ್ ಥರ ತಿರುಗಿ ಕಾರನ್ನು ತಡೆಯುತ್ತದೆ, ಆಗ ಹುಟ್ಟುವ ಕರೆಂಟು ಬ್ಯಾಟರಿಗೆ ಹೋಗಬೇಕು. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯುವುದಿಲ್ಲ ಅಲ್ವಾ? ಬ್ಯಾಟರಿಯಲ್ಲಿ ಜಾಗ ಇಲ್ಲದಿದ್ದರೆ ಆ ತಡೆ ತುಂಬಾ ಕಡಿಮೆಯಾಗಿ, ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ. ನಮ್ಮ ಕಡೆ ಮೋಡ್ ಆರಿಸುವ ಲೆಕ್ಕವೆಲ್ಲ ಇಲ್ಲಿಂದಲೇ ಶುರುವಾಗಬೇಕು: ಘಟ್ಟದ ತಲೆಗೆ ಬರುವಾಗ ಬ್ಯಾಟರಿಯಲ್ಲಿ ಜಾಗ ಇರಬೇಕು, ಘಟ್ಟದ ಬುಡಕ್ಕೆ ಬರುವಾಗ ಚಾರ್ಜ್ ಇರಬೇಕು.

ಹಾಗಾಗಿ ಶಿರಸಿಯಿಂದ ಹೊರಡುವಾಗ ಬರೀ ಕರೆಂಟಿನಲ್ಲಿ ಓಡುವ ಇವಿ ಮೋಡ್ ಹಾಕಿ. ರಾಗಿಹೊಸಳ್ಳಿ ದಾಟಿ ದೇವಿಮನೆ ಮುಟ್ಟುವಷ್ಟರಲ್ಲಿ ಬ್ಯಾಟರಿ ಸಾಕಷ್ಟು ಇಳಿದಿರುತ್ತದೆ. ಡಿಸೆಂಬರ್, ಜನವರಿ ಬೆಳಗ್ಗೆ ಶಿರಸಿಯಲ್ಲಿ 15 ಡಿಗ್ರಿ ಆಸುಪಾಸು ಇರುತ್ತದೆ, ಅಷ್ಟು ಚಳಿಗೆ ಬ್ಯಾಟರಿಗೇನೂ ತೊಂದರೆ ಇಲ್ಲ. ಆದರೆ ಇವಿ ಮೋಡ್‌ನಲ್ಲಿದ್ದರೂ ಇಂಜಿನ್ ತಾನಾಗಿ ಸ್ಟಾರ್ಟ್ ಆದರೆ ಗಾಬರಿ ಬೇಡ. ಕೆಲವು ಕಾರುಗಳಲ್ಲಿ ಹೀಟರ್‌ಗೆ ಬಿಸಿ ಬರುವುದೇ ಇಂಜಿನ್ ನೀರಿನಿಂದ, ಹೀಟರ್ ಹಾಕಿದರೆ ಇಂಜಿನ್ ಓಡಲೇಬೇಕು. ಸೀಟ್ ಹೀಟರ್ ಇದ್ದರೆ ಅದನ್ನೇ ಬಳಸಿ, ತುಂಬಾ ಕಡಿಮೆ ಕರೆಂಟಿನಲ್ಲಿ ಕೆಲಸ ಆಗುತ್ತದೆ. ಗಾಜಿನ ಒಳಗೆ ಮಂಜು ಕಟ್ಟಿದರೆ ಮಾತ್ರ ಕರೆಂಟು ಉಳಿಸಲು ಹೋಗಬೇಡಿ, ಏಸಿ ಹಾಕಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ. ಏಸಿ ತೇವ ಎಳೆದುಕೊಳ್ಳುತ್ತದೆ, ಅರ್ಧ ನಿಮಿಷದಲ್ಲಿ ದಾರಿ ಕಾಣಿಸುತ್ತದೆ. ಅಡಿಕೆ ಲಾರಿಗಳು ಎದುರು ಬರುವ ದಾರಿ ಅದು.

ಇಳಿಜಾರು ಶುರುವಾಗುತ್ತಿದ್ದ ಹಾಗೆ ಗೇರ್ ಲಿವರನ್ನು ಬಿ ಗೆ ತನ್ನಿ, ಅಲ್ಲಿ ಮೋಟಾರಿನ ತಡೆ ಜಾಸ್ತಿ. ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ಈ ತಡೆಯನ್ನು ಹೆಚ್ಚು ಕಡಿಮೆ ಮಾಡಬಹುದು. ಮರದ ನೆರಳಿನ ತಿರುವುಗಳಲ್ಲಿ ಇಬ್ಬನಿ ಬಿದ್ದು ತರಗೆಲೆ ಒದ್ದೆಯಾಗಿದ್ದರೆ ತಡೆಯನ್ನು ಒಂದು ಮೆಟ್ಟಿಲು ಕಡಿಮೆ ಇಡಿ, ಕಾಲನ್ನು ಆಕ್ಸಿಲರೇಟರ್‌ನಿಂದ ಒಮ್ಮೆಲೇ ತೆಗೆಯಬೇಡಿ. ನ್ಯೂಟ್ರಲ್ ಅಂತೂ ಬೇಡವೇ ಬೇಡ, ನ್ಯೂಟ್ರಲ್‌ನಲ್ಲಿ ಮೋಟಾರಿನ ತಡೆ ಪೂರ್ತಿ ಹೋಗುತ್ತದೆ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಜನ, ಸಾಮಾನು ಸೇರಿ 2 ಟನ್ ತೂಗುವ ಕಾರನ್ನು ಕರಾವಳಿಯಿಂದ ಅಷ್ಟು ಮೇಲೆ ಎತ್ತುವುದಕ್ಕೇ 3 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ಚಕ್ರದ ಉಜ್ಜಾಟ, ಗಾಳಿಯ ಅಡ್ಡಿ ಬೇರೆ. ಇಳಿಯುವಾಗ ಅದೆಲ್ಲ ವಾಪಸ್ ಸಿಗುವುದಿಲ್ಲ, ಒಂದು ಪಾಲು ಮಾತ್ರ ಸಿಗುತ್ತದೆ. ಆದರೂ ಆ ಪಾಲಿಗೆ ಬ್ಯಾಟರಿಯಲ್ಲಿ ಜಾಗ ಬೇಕು. ಹೈರೈಡರ್, ಗ್ರ್ಯಾಂಡ್ ವಿಟಾರಾ ಥರದ ಪ್ಲಗ್ ಇಲ್ಲದ ಸ್ಟ್ರಾಂಗ್ ಹೈಬ್ರಿಡ್ ಇಟ್ಟುಕೊಂಡವರಿಗೆ ಈ ತಯಾರಿ ಮಾಡಲು ಆಗುವುದಿಲ್ಲ. ಅವುಗಳ ಬ್ಯಾಟರಿ 1 ಯೂನಿಟ್‌ಗಿಂತಲೂ ಚಿಕ್ಕದು, ದೊಡ್ಡ ಘಟ್ಟದಲ್ಲಿ ಬೇಗ ತುಂಬಿಬಿಡುತ್ತದೆ. ಆಮೇಲೆ ಬಿ ಯಲ್ಲಿ ಇಂಜಿನ್ ಜೋರಾಗಿ ಕೂಗುತ್ತದೆ. ಅದು ಕೆಟ್ಟಿದ್ದಲ್ಲ, ಇಂಜಿನ್ನೇ ಕಾರನ್ನು ತಡೆದು ಹಿಡಿಯುತ್ತಿರುತ್ತದೆ.

ದಿವಗಿಯಲ್ಲಿ 66ನೇ ಹೆದ್ದಾರಿಗೆ ಸೇರಿದ ಮೇಲೆ ಸೇವ್ ಒತ್ತಿ, ಕೆಲವು ಕಾರುಗಳಲ್ಲಿ ಅದರ ಹೆಸರು ಹೋಲ್ಡ್. ಒಂದೇ ಸಮನೆ 80ರಲ್ಲಿ ಹೋಗುವಾಗ ಪೆಟ್ರೋಲ್ ಇಂಜಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಕರೆಂಟನ್ನು ಅಲ್ಲಿ ಖಾಲಿ ಮಾಡುವುದು ದಂಡ. ನಿಂತು ಹೊರಡುವ ಪೇಟೆಯಲ್ಲಿ ಅದೇ ಕರೆಂಟು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಹಾಗಾಗಿ ಕಾರವಾರ ಪೇಟೆಯೊಳಗೆ ಮತ್ತೆ ಇವಿ.

ವಾಪಸ್ ಬರುವಾಗ ಹೆಚ್ಚಿನವರು ತಪ್ಪುವುದು ಇಲ್ಲಿ. ಬ್ಯಾಟರಿಯನ್ನು ಹೈವೇಯಲ್ಲೇ ಮುಗಿಸಿ ಕತಗಾಲಕ್ಕೆ ಬರುತ್ತಾರೆ, ಆಮೇಲೆ ಅಷ್ಟು ತೂಕದ ಕಾರನ್ನು ಹೆಚ್ಚು ಕಡಿಮೆ ಇಂಜಿನ್ ಒಂದೇ ಎಳೆಯಬೇಕು. ಮುಂದಿನ ಲಾರಿಯನ್ನು ಹಿಂದೆ ಹಾಕಬೇಕಾದಾಗ ಮೋಟಾರಿನ ಜೋರು ಸಿಗುವುದಿಲ್ಲ. ಘಟ್ಟದ ಬುಡದಲ್ಲಿ 30ರಿಂದ 40 ಶೇಕಡಾ ಚಾರ್ಜ್ ಇರುವ ಹಾಗೆ ನೋಡಿಕೊಳ್ಳಿ, ಹತ್ತುವಾಗ ಇವಿ ಬಿಟ್ಟು ಹೈಬ್ರಿಡ್ ಮೋಡ್ ಹಾಕಿ, ಎರಡೂ ಸೇರಿ ಎಳೆಯಲಿ. ಅದಕ್ಕಾಗಿ ಕಾರವಾರದಲ್ಲೋ ಕುಮಟಾದಲ್ಲೋ ಊಟಕ್ಕೆ ಕೂತಾಗ ಪ್ಲಗ್ ಸಿಕ್ಕರೆ ಹಾಕಿಡಿ, 10 ಆಂಪಿಯರ್ ಸಾಕೆಟ್ ಆದರೂ ಗಂಟೆಗೆ ಸುಮಾರು 2 ಯೂನಿಟ್ ಬರುತ್ತದೆ. ಚಾರ್ಜ್ ಮೋಡ್ ಅಂತ ಒಂದಿರುತ್ತದೆ, ಪೆಟ್ರೋಲ್ ಸುಟ್ಟು ಬ್ಯಾಟರಿ ತುಂಬಿಸುವುದು. ಬೇರೆ ದಾರಿ ಇಲ್ಲದಾಗ ಹೈವೇಯಲ್ಲಿ ಮಾತ್ರ ಬಳಸಿ, ಪೇಟೆಯಲ್ಲಿ ಬಳಸಿದರೆ ಸುಮ್ನೆ ಪೆಟ್ರೋಲ್ ಹೋಗುತ್ತದೆ. ಇನ್ನೊಂದು, ಎಷ್ಟೋ ಕಾರುಗಳು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ನೀವು ಆರಿಸಿದ್ದನ್ನು ಬಿಟ್ಟು ತಮ್ಮ ಮಾಮೂಲಿ ಮೋಡ್‌ಗೇ ವಾಪಸ್ ಹೋಗುತ್ತವೆ. ಚಹಾ ಕುಡಿದು ಬಂದಮೇಲೆ ಒಮ್ಮೆ ಸ್ಕ್ರೀನ್ ನೋಡಿ.

ಕೆನಡಾ, ಜರ್ಮನಿ ಕಡೆ ಇರುವ ನಮ್ಮೂರ ಮಕ್ಕಳಿಗೆ ಲೆಕ್ಕ ಸ್ವಲ್ಪ ಬೇರೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಬ್ಯಾಟರಿ ಖಾಲಿ ಇದ್ದರೂ ಬೇಗ ಚಾರ್ಜ್ ಹೀರಿಕೊಳ್ಳುವುದಿಲ್ಲ, ಹಾಗಾಗಿ ಬೆಳಗ್ಗೆ ಮೊದಲ ಕೆಲವು ಕಿಲೋಮೀಟರ್ ಮೋಟಾರಿನ ತಡೆ ಕಡಿಮೆ ಇರುತ್ತದೆ. ಪ್ಲಗ್ ಹಾಕಿದ್ದಾಗಲೇ ಕಾರಿನ ಒಳಗನ್ನು ಬೆಚ್ಚಗೆ ಮಾಡಿಕೊಂಡು ಹೊರಡಿ, ಗೋಡೆಯ ಕರೆಂಟಿನಲ್ಲಿ ಆ ಕೆಲಸ ಮುಗಿದರೆ ಬ್ಯಾಟರಿ ಉಳಿಯುತ್ತದೆ. ಹಿಮದ ರಸ್ತೆಯಲ್ಲಿ ಸ್ನೋ ಮೋಡ್ ಹಾಕಿ, ಬಿ ಬೇಡ. ಹಿಂದಿನ ಚಕ್ರಗಳನ್ನು ಮೋಟಾರು ತಿರುಗಿಸುವ ಕಾರಾದರೆ ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಡಬೇಡಿ, ಹಿಂದಿನ ಚಕ್ರಗಳ ಎಳೆತ ಕಡಿಮೆಯಾಗುತ್ತದೆ.

ನಮ್ಮ ಕಡೆ ಮನೆ ಮುಟ್ಟಿದ ಮೇಲೆ ಚಾರ್ಜಿಂಗ್ ಟೈಮರನ್ನು ಹೊರಡುವ ಹೊತ್ತಿಗೆ ಸ್ವಲ್ಪ ಮೊದಲು ಮುಗಿಯುವ ಹಾಗೆ ಇಡಿ. ಶಿರಸಿ ಪೇಟೆಯಲ್ಲಿರುವವರು ನೂರರವರೆಗೆ ತುಂಬಿಸಬಹುದು, ಇಳಿಜಾರು ಬರುವ ಮೊದಲು ಖರ್ಚು ಮಾಡಲು ದಾರಿ ಇದೆ. ರಾಗಿಹೊಸಳ್ಳಿ ಹತ್ತಿರ ಮನೆ ಇದ್ದು ಬೆಳಗ್ಗೆ ನೇರ ಘಟ್ಟ ಇಳಿಯುವವರು 80ಕ್ಕೇ ನಿಲ್ಲಿಸಿ. ಕಾರಿನಲ್ಲಿ ಆ ಮಿತಿ ಇಡಲು ಬರದಿದ್ದರೆ ಒಂದು ಗಂಟೆ ಮೊದಲೇ ಪ್ಲಗ್ ಕಿತ್ತಿಡಿ.