ಕೋಲಾರದ ಪಿನ್‌ಕೋಡ್ 563101: ಅವಿಭಾಜ್ಯ ಅಪವರ್ತನಗಳನ್ನು ಕೈಲೆಕ್ಕದಲ್ಲಿ ಕಂಡುಹಿಡಿಯುವ ಕ್ರಮ

ಕೋಲಾರ ಪ್ರಧಾನ ಅಂಚೆ ಕಚೇರಿಯ ಪಿನ್‌ಕೋಡ್ 563101. ವಿಳಾಸದ ಗುರುತೆಂಬುದನ್ನು ಬದಿಗಿಟ್ಟು ಆರಂಕಿಯ ಪೂರ್ಣಸಂಖ್ಯೆಯೆಂದು ನೋಡಿದರೆ, ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಅಪವರ್ತನ ಕ್ರಮವನ್ನು ಕಲಿಸಲು ಇದು ಬಹಳ ಒಳ್ಳೆಯ ಉದಾಹರಣೆ. ಕ್ಯಾಲ್ಕುಲೇಟರ್ ಬೇಕಿಲ್ಲ.

ಬಿಡಿಸ್ಥಾನದಲ್ಲಿ 1 ಇರುವುದರಿಂದ 2 ಮತ್ತು 5 ಇದನ್ನು ಭಾಗಿಸುವುದಿಲ್ಲ. ಅಂಕಿಗಳ ಮೊತ್ತ 16 ಆದ್ದರಿಂದ 3 ಕೂಡ ಭಾಗಿಸುವುದಿಲ್ಲ.

ಮುಂದಿನ ಮೂರು ಅವಿಭಾಜ್ಯಗಳಾದ 7, 11 ಮತ್ತು 13ನ್ನು ಒಂದೇ ವ್ಯವಕಲನದಿಂದ ಪರೀಕ್ಷಿಸಬಹುದು. ಈ ಮೂರರ ಗುಣಲಬ್ಧ 1001. ಸಂಖ್ಯೆಯನ್ನು 563 ಮತ್ತು 101 ಎಂದು ಎರಡು ಭಾಗ ಮಾಡಿ ಕಳೆದರೆ 462 ಬರುತ್ತದೆ. ಅಂದರೆ 563101 = 563 × 1001 − 462. ಬಲಭಾಗದ ಮೊದಲ ಪದವನ್ನು ಈ ಮೂರೂ ಭಾಗಿಸುವುದರಿಂದ, ಇಡೀ ಸಂಖ್ಯೆಯ ಪ್ರಶ್ನೆ 462ರ ಪ್ರಶ್ನೆಯಾಗಿ ಚಿಕ್ಕದಾಗುತ್ತದೆ. 462ನ್ನು 7 ಮತ್ತು 11 ನಿಶ್ಶೇಷವಾಗಿ ಭಾಗಿಸುತ್ತವೆ, 13 ಭಾಗಿಸುವುದಿಲ್ಲ. ಭಾಜ್ಯತೆಯ ನಿಯಮಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಬಾಯಿಪಾಠ ಮಾಡಿಸುವ ಬದಲು ಈ ಕಾರಣವನ್ನು ವಿವರಿಸಿದರೆ ಮಕ್ಕಳು ಮರೆಯುವುದಿಲ್ಲ.

77ರಿಂದ ಭಾಗಿಸಿದಾಗ 7313 ಉಳಿಯುತ್ತದೆ. ಇದು 7 ಅಥವಾ 11ರಿಂದ ಮತ್ತೆ ಭಾಗವಾಗುವುದಿಲ್ಲ. 86ರ ವರ್ಗ 7396 ಆದ್ದರಿಂದ 85ರವರೆಗಿನ ಅವಿಭಾಜ್ಯಗಳನ್ನು ಪರೀಕ್ಷಿಸಿದರೆ ಸಾಕು. ಅಷ್ಟರೊಳಗೆ ಯಾವುದೂ ಭಾಗಿಸದಿದ್ದರೆ 7313 ಅವಿಭಾಜ್ಯವೆಂದೇ ತಿಳಿಯಬೇಕು. 17ರಿಂದ 67ರವರೆಗಿನ ಹದಿಮೂರು ಅವಿಭಾಜ್ಯಗಳೂ ಶೇಷವನ್ನು ಬಿಡುತ್ತವೆ. ಇಲ್ಲಿ ತಾಳ್ಮೆ ಕಳೆದುಕೊಂಡು ನಿಲ್ಲಿಸಬಾರದು, ಏಕೆಂದರೆ 71ರಿಂದ ಭಾಗಿಸಿದರೆ ಶೇಷವಿಲ್ಲದೆ 103 ಬರುತ್ತದೆ. 103 ಅವಿಭಾಜ್ಯ. ಹೀಗೆ,

563101 = 7 × 11 × 71 × 103.

ನಾಲ್ಕು ಅವಿಭಾಜ್ಯಗಳೂ ಒಂದೊಂದೇ ಬಾರಿ ಬಂದಿರುವುದರಿಂದ ಒಟ್ಟು ಭಾಜಕಗಳು 2 × 2 × 2 × 2, ಅಂದರೆ 16. ಪ್ರತಿ ಅವಿಭಾಜ್ಯಕ್ಕೂ 1 ಕೂಡಿಸಿ ಗುಣಿಸಿದರೆ ಅವುಗಳ ಮೊತ್ತ ಸಿಗುತ್ತದೆ: 8 × 12 × 72 × 104 = 718848; ಇದರಲ್ಲಿ ಸಂಖ್ಯೆಯನ್ನೇ ಕಳೆದರೆ 155747 ಮಾತ್ರ ಉಳಿಯುವುದರಿಂದ ಇದು ಪರಿಪೂರ್ಣ ಸಂಖ್ಯೆಯಲ್ಲ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮನಾಗುವ ಸಂಖ್ಯೆಯೇ ಪರಿಪೂರ್ಣ ಸಂಖ್ಯೆ).

ಇನ್ನೊಂದು ಗುಣ ಹೆಚ್ಚು ಸ್ವಾರಸ್ಯದ್ದು. 4ರಿಂದ ಭಾಗಿಸಿದಾಗ 563101 ಶೇಷವಾಗಿ 1ನ್ನು ಬಿಡುತ್ತದೆ; ಆದ್ದರಿಂದ ಇದನ್ನು ಎರಡು ಪೂರ್ಣವರ್ಗಗಳ ಮೊತ್ತವಾಗಿ ಬರೆಯಬಹುದೇನೋ ಎಂಬ ಆಸೆ ಹುಟ್ಟುತ್ತದೆ. ಆದರೆ ಅದರ ನಾಲ್ಕು ಅವಿಭಾಜ್ಯ ಅಪವರ್ತನಗಳೂ 4ರಿಂದ ಭಾಗಿಸಿದಾಗ 3ನ್ನು ಬಿಡುವಂಥವು. ಅಂಥ ಅವಿಭಾಜ್ಯವೊಂದು ಬೆಸ ಸಂಖ್ಯೆಯಷ್ಟು ಬಾರಿ ಬಂದರೂ ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವಿಲ್ಲ. ಅಪವರ್ತನ ಮಾಡದೆ ಈ ಸತ್ಯ ಕಾಣುತ್ತಿರಲಿಲ್ಲ.

ಅಭ್ಯಾಸಕ್ಕೆ ನೆರೆಯ ಪಿನ್‌ಕೋಡ್‌ಗಳಿವೆ. ಚಿಕ್ಕಬಳ್ಳಾಪುರದ 562101ರ ಅಂಕಿಗಳ ಮೊತ್ತ 15 ಆದ್ದರಿಂದ 3 ತಕ್ಷಣ ಸಿಗುತ್ತದೆ. ತುಮಕೂರಿನ 572101 ಹಾಗಲ್ಲ: 572ರಲ್ಲಿ 101 ಕಳೆದರೆ ಬರುವ 471ನ್ನು 7, 11, 13 ಯಾವುದೂ ಭಾಗಿಸುವುದಿಲ್ಲ, ಆದ್ದರಿಂದ 17ರಿಂದ ಆರಂಭಿಸಿ, ಅಗತ್ಯವಾದರೆ 756ರವರೆಗೂ ಸಾಗಬೇಕು.