ಫ್ಲಾರೆನ್ಸ್‌ಗೆ ಹೋಗುವವರಿಗೆ: ಸೋಮವಾರ ಬೇಡ
ಇಟಲಿಯ ಫ್ಲಾರೆನ್ಸ್‌ಗೆ ಹೋಗುವವರು ಮೊದಲು ವಾರ ನೋಡಿಕೊಳ್ಳಿ. ಉಫಿಜಿ, ಅಕಾಡೆಮಿಯಾ ಎರಡೂ ಮ್ಯೂಸಿಯಂಗಳಿಗೆ ಸೋಮವಾರ ರಜೆ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ, ಆದರೆ ಜನ ಜಾಸ್ತಿ. ನನ್ನ ಕೇಳಿದರೆ, ದುಡ್ಡು ಹೋದರೂ ಪರವಾಗಿಲ್ಲ, ಆನ್‌ಲೈನ್‌ನಲ್ಲಿ ಬುಕ್ ಮಾಡಿ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ.

ಊರಿನ ಚೌಕದಲ್ಲಿ ನಿಂತಿರುವ ಡೇವಿಡ್ ಪ್ರತಿಮೆ ನಕಲು. ಅದನ್ನಷ್ಟೇ ನೋಡಿ ವಾಪಸ್ ಬರಬೇಡಿ. ಮೈಕೆಲೆಂಜೆಲೊ ಕೆತ್ತಿದ ಮೂಲ ಶಿಲ್ಪ 1873ರಿಂದ ಅಕಾಡೆಮಿಯಾದಲ್ಲಿದೆ. ನಿಧಾನವಾಗಿ ಅದರ ಸುತ್ತ ಒಂದು ಸುತ್ತು ಬನ್ನಿ. ಬಲಗೈ ಗಮನಿಸಿ, ಉಬ್ಬಿದ ನರಗಳು ಕೂಡ ಕಾಣುತ್ತವೆ. ಕಲ್ಲು ಅಂದರೆ ನಂಬುವುದೇ ಕಷ್ಟ!

ದೊಡ್ಡ ಚರ್ಚಿನ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ಮಂಡಿನೋವಿರುವ ಹಿರಿಯರನ್ನು ಸುಮ್ನೆ ಬಲವಂತ ಮಾಡಿ ಹತ್ತಿಸಬೇಡಿ. ಹತ್ತುವವರು ಇದಕ್ಕೂ ಮುಂಗಡ ಬುಕ್ ಮಾಡಬೇಕು.