ಮನೆ ಬದಲಿಸಿದಾಗ ನಕಲಿ ಸರ್ಕಾರಿ ತಾಣಕ್ಕೆ ಸಿಕ್ಕಿಬೀಳದಿರಲು

ಹೊಸ ಮನೆಯಲ್ಲಿ ಹಾಲುಕ್ಕಿಸಿ, ಸಾಮಾನು ಜೋಡಿಸಿ ಆದ ಮೇಲೆ ಉಳಿಯುವ ಕೆಲಸ ವಿಳಾಸ ಬದಲಾವಣೆ. ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದ ದಂಪತಿ ಮತದಾರರ ಚೀಟಿಯ ವಿಳಾಸ ಬದಲಿಸಲು ಯಾವುದೋ ಜಾಲತಾಣದಲ್ಲಿ 499 ರೂಪಾಯಿ ಕಟ್ಟಿ, ಆಧಾರ್ ಪ್ರತಿಯನ್ನೂ ಹಾಕಿಬಿಟ್ಟಿದ್ದರು. ಆ ಕೆಲಸಕ್ಕೆ ಶುಲ್ಕವೇ ಇಲ್ಲ! ನಮೂನೆ 8 ತುಂಬಿದರೆ ಸಾಕು.

ಮೊದಲು ಆಧಾರ್ ಮುಗಿಸಿ. ಮಿಕ್ಕ ಕಡೆ ಅದನ್ನೇ ಪುರಾವೆಯಾಗಿ ಕೊಡಬಹುದು. ಆಮೇಲೆ ಮತದಾರರ ಪಟ್ಟಿ, ಡಿಎಲ್, ಪಾಸ್‌ಪೋರ್ಟ್.

ತಾಣವನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಮೇಲುಗಡೆ 'ಸ್ಪಾನ್ಸರ್ಡ್' ಎಂದು ಬರುವುದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ತಾಣದ ವಿಳಾಸವನ್ನು ಕೈಯಾರೆ ಟೈಪ್ ಮಾಡಿ.

ಎಲ್ಲರೂ ಎಡವುವುದು ಆ ವಿಳಾಸ ಓದುವಾಗ. ಎಡಗಡೆ 'ಪಾಸ್‌ಪೋರ್ಟ್' ಎಂದು ಕಂಡೊಡನೆ ನಂಬಿಬಿಡುತ್ತೇವೆ. ಹಾಗಲ್ಲ, ಹಿಂದಿನಿಂದ ಓದಬೇಕು. ಶುರುವಿನ ಜೋಡಿ ಸ್ಲ್ಯಾಶ್ ಬಿಟ್ಟು, ಮುಂದೆ ಬರುವ ಮೊದಲ ಒಂಟಿ ಸ್ಲ್ಯಾಶ್ ಹುಡುಕಿ. ಅದರ ಎಡಕ್ಕೆ ತಾಗಿಕೊಂಡೇ 'ಡಾಟ್ ಜಿಒವಿ ಡಾಟ್ ಇನ್' ಅಥವಾ 'ಡಾಟ್ ಎನ್‌ಐಸಿ ಡಾಟ್ ಇನ್' ಇರಬೇಕು. ಇವು ಸರ್ಕಾರಕ್ಕಷ್ಟೇ ಮೀಸಲು. ಬರೀ 'ಡಾಟ್ ಇನ್', 'ಡಾಟ್ ಓಆರ್‌ಜಿ' ಯಾರು ಬೇಕಾದರೂ ಕೊಳ್ಳಬಹುದು. ಪಾಸ್‌ಪೋರ್ಟ್‌ನ ಅಸಲಿ ತಾಣ 'ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಜಿಒವಿ ಡಾಟ್ ಇನ್'. ನಡುವೆ ಅಡ್ಡಗೆರೆ ಇರುವ 'ಪಾಸ್‌ಪೋರ್ಟ್-ಇಂಡಿಯಾ ಡಾಟ್ ಇನ್' ನಕಲಿ ಎಂದು ವಿದೇಶಾಂಗ ಸಚಿವಾಲಯವೇ ಎಚ್ಚರಿಸಿತ್ತು. 'ಜಿಒವಿ ಡಾಟ್ ಇನ್' ಆದ ಮೇಲೆ ಮತ್ತೊಂದು ಡಾಟ್, ಮತ್ತೊಂದು ಹೆಸರು ಅಂಟಿಕೊಂಡಿದ್ದರೂ ಅದು ಖೋಟಾ. ಮೊಬೈಲಿನಲ್ಲಿ ಉದ್ದದ ವಿಳಾಸ ಪೂರ್ತಿ ಕಾಣುವುದಿಲ್ಲ. ಈ ಕೆಲಸಕ್ಕೆ ಕಂಪ್ಯೂಟರ್ ಮುಂದೆಯೇ ಕೂರಿ. ಬೀಗದ ಗುರುತು, ಅಶೋಕ ಸ್ತಂಭದ ಚಿತ್ರ ನೋಡಿ ಸಮಾಧಾನಪಡಬೇಡಿ, ಎರಡೂ ನಕಲಿ ತಾಣದಲ್ಲಿ ಸಿಗುತ್ತವೆ.

ವಾಟ್ಸ್‌ಆ್ಯಪ್‌ನಲ್ಲಿ ಆರ್‌ಟಿಓ ಹೆಸರಿನ ಎಪಿಕೆ ಫೈಲ್ (ಮೊಬೈಲಿಗೆ ಆ್ಯಪ್ ಹಾಕುವ ಕಡತ) ಬಂದರೆ ತೆರೆಯದೆ ಅಳಿಸಿ. ಅದು ನಿಮ್ಮ ಎಸ್‌ಎಂಎಸ್ ಓದಿ, ಒಟಿಪಿಯನ್ನು ಕಳ್ಳರಿಗೆ ರವಾನಿಸಬಲ್ಲದು.

ಅನುಮಾನ ಬಂದರೆ ಆಧಾರ್‌ಗೆ 1947, ಮತದಾರರ ಪಟ್ಟಿಗೆ 1950 ಸಂಖ್ಯೆಗೆ ಕರೆ ಮಾಡಿ ಕೇಳಿ. ವಯಸ್ಸಾದ ಅಪ್ಪ ಅಮ್ಮನಿಗಂತೂ ಇದೆಲ್ಲ ಬೇಡ, ಬೆಂಗಳೂರು ಒನ್ ಅಥವಾ ಗ್ರಾಮ ಒನ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

ದುಡ್ಡು ಕಟ್ಟಿ ಆಗಿದ್ದರೆ ನಾಚಿಕೆಪಟ್ಟು ಕೂರಬೇಡಿ. ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಪಾವತಿಯ ಯುಟಿಆರ್ ಸಂಖ್ಯೆ (ಆ ವಹಿವಾಟನ್ನು ಗುರುತಿಸುವ ಸಂಖ್ಯೆ), ತಾಣದ ಸ್ಕ್ರೀನ್‌ಶಾಟ್ ಎತ್ತಿಟ್ಟುಕೊಳ್ಳಿ. ಆಧಾರ್ ಪ್ರತಿ ಕೊಟ್ಟಿದ್ದರೆ ಮೈಆಧಾರ್ ತಾಣದಲ್ಲಿ ಬೆರಳಚ್ಚಿಗೆ ಬಯೋಮೆಟ್ರಿಕ್ ಲಾಕ್ ಹಾಕಿ.